ಎತ್ತದ ಕರೆ ಹೋಗುವ ದಾರಿ

ಕರೆ ಎತ್ತಲಾಗದಾಗ ಆಚೆಯವರ ಮಾತನ್ನು ಮುದ್ರಿಸಿಟ್ಟು, ಬಿಡುವಾದಾಗ ಕೇಳಿಸುವ ವಾಯ್ಸ್‌ಮೇಲ್ ಎಂಬ ಸೇವೆ ಸಾಮಾನ್ಯವಾಗಿ ಫೋನಿನೊಳಗೆ ಇರುವುದಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ವಾಯ್ಸ್‌ಮೇಲ್ ಕೈಕೊಟ್ಟಾಗ ಬಳಕೆದಾರರು ಮಾಡುವ ಉಪಚಾರಗಳಲ್ಲಿ ಬಹುಪಾಲು, ಅಂದರೆ ಫೋನನ್ನು ಆಫ್ ಮಾಡಿ ಆನ್ ಮಾಡುವುದು, ಆ್ಯಪ್ ತೆಗೆದು ಮತ್ತೆ ಹಾಕುವುದು, ಕೊನೆಗೆ ಬೇಸತ್ತು ಹೊಸ ಫೋನನ್ನೇ ಕೊಳ್ಳುವುದು, ಇವೆಲ್ಲ ದೋಷ ಕೈಯಲ್ಲಿರುವ ಸಾಧನದ್ದೇ ಎಂಬ ನಂಬಿಕೆಯಿಂದ ಹುಟ್ಟುತ್ತವೆ. ವಾಸ್ತವವಾಗಿ ಮಾತು ಮುದ್ರಣಗೊಳ್ಳುವುದು ಮೊಬೈಲ್ ಕಂಪನಿಯ ಸರ್ವರ್‌ನಲ್ಲಿ. ಕರೆ ಅಲ್ಲಿಗೆ ತಿರುಗುವುದು ಕಂಪನಿಯ ಜಾಲದಲ್ಲಿ ದಾಖಲಾಗಿರುವ ಒಂದು ನಿಯಮದ ಪ್ರಕಾರ. ಸಂದೇಶ ಬಂದಿದೆಯೆಂಬ ಸುದ್ದಿ ಫೋನಿಗೆ ತಲುಪುವುದು ಬಳಕೆದಾರರ ಕಣ್ಣಿಗೆ ಬೀಳದ ಒಂದು ಎಸ್‌ಎಂಎಸ್‌ನಿಂದ. ತೋರಿಸುವ, ಕೇಳಿಸುವ ಕೊನೆಯ ಕೆಲಸವೊಂದೇ ಫೋನಿನದು. ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆಯೆಂದು ಪತ್ತೆ ಹಚ್ಚುವವರೆಗೆ ಯಾವ ಉಪಚಾರವೂ ಕತ್ತಲೆಯಲ್ಲಿ ಕೈಯಾಡಿಸಿದಂತೆಯೇ ಸರಿ.

ಕರ್ನಾಟಕದಲ್ಲಿ ಕುಳಿತು ಓದುವವರಿಗೆ ಇದು ಪರದೇಶದ ಸಮಾಚಾರ ಎನ್ನಿಸಿದರೆ ಆಶ್ಚರ್ಯವಿಲ್ಲ, ಏಕೆಂದರೆ ಇಲ್ಲಿ ಈ ಸೇವೆ ಬೇರು ಬಿಡಲೇ ಇಲ್ಲ. ಆದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ನಿತ್ಯದ ವ್ಯವಹಾರ. ಅಲ್ಲಿನ ದಂತವೈದ್ಯರ ಕ್ಲಿನಿಕ್ಕು, ಔಷಧಿ ಅಂಗಡಿ, ಮಕ್ಕಳ ಶಾಲೆ, ಉದ್ಯೋಗ ಕೊಡುವ ಸಂಸ್ಥೆ ಇವೆಲ್ಲ ಒಮ್ಮೆ ಕರೆ ಮಾಡಿ, ಎತ್ತದಿದ್ದರೆ ಸಂದೇಶ ಬಿಟ್ಟು, ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಭಾವಿಸುತ್ತವೆ. ಮರಳಿ ಕರೆಯುವ ಹೊಣೆ ಸಂದೇಶ ಪಡೆದವರದು. ರೋಗಿಯ ಗೋಪ್ಯತೆಯನ್ನು ಕಾಯುವ ಹಿಪಾ ಎಂಬ 1996ರ ಕಾಯ್ದೆಗೆ ಅಂಜಿ ಆಸ್ಪತ್ರೆಯವರು ಹೆಸರು ಮತ್ತು ಮರುಕರೆಯ ನಂಬರಿನ ಹೊರತು ಹೆಚ್ಚೇನೂ ಹೇಳದಿರುವುದರಿಂದ, ಆ ಎರಡು ಸಾಲಿನ ಸಂದೇಶ ತಪ್ಪಿದರೆ ವಿಷಯವೇ ತಿಳಿಯದೆ ಹೋಗುತ್ತದೆ. ಹೊಸದಾಗಿ ಬಂದಿಳಿದವರು ಈ ಪದ್ಧತಿಯನ್ನು ಅರಿಯುವುದು ಸಾಮಾನ್ಯವಾಗಿ ಒಂದು ಅಪಾಯಿಂಟ್‌ಮೆಂಟ್ ಕಳೆದುಕೊಂಡ ಮೇಲೆಯೇ.

ದೂರವಾಣಿಯ ಮಾತನ್ನು ಹಿಡಿದಿಡುವ ಹಂಬಲ ಹಳೆಯದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಧ್ವನಿ ಮುದ್ರಿಸುವ ಟೆಲಿಗ್ರಾಫೋನ್ ಎಂಬ ಯಂತ್ರವನ್ನು ರೂಪಿಸಿದ್ದನು. ಮುಂದೆ ಮನೆಮನೆಯಲ್ಲಿ ಕ್ಯಾಸೆಟ್ ಹಾಕಿದ ಆನ್ಸರಿಂಗ್ ಮಶೀನುಗಳು ಬಂದವು. ಯಂತ್ರವನ್ನು ಮನೆಯಿಂದ ತೆಗೆದು ಕೇಂದ್ರೀಯ ಕಂಪ್ಯೂಟರಿನಲ್ಲಿ ಎಲ್ಲರ ಸಂದೇಶಗಳನ್ನೂ ಒಟ್ಟಿಗೆ ಇಡುವ ವ್ಯವಸ್ಥೆಗೆ ಅಮೆರಿಕದ ಟೆಕ್ಸಸ್‌ನ ಗಾರ್ಡನ್ ಮ್ಯಾಥ್ಯೂಸ್ 1979ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿ 1983ರಲ್ಲಿ ಅದನ್ನು ಪಡೆದರು. ಐಬಿಎಂ ಸಂಸ್ಥೆಯೂ ಎಪ್ಪತ್ತರ ದಶಕದಿಂದಲೇ ಇದೇ ದಿಕ್ಕಿನಲ್ಲಿ ದುಡಿಯುತ್ತಿತ್ತು. ಯಂತ್ರ ಮನೆಯಲ್ಲಿದ್ದಾಗ ಅದರ ಕ್ಯಾಸೆಟ್ ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ತಿರುಗಿಸಿ ಸರಿಪಡಿಸಬಹುದಿತ್ತು. ಅದು ಕಂಪನಿಯ ಕಟ್ಟಡಕ್ಕೆ ಹೋದಂದಿನಿಂದ ಬಳಕೆದಾರನಿಗೆ ಉಳಿದದ್ದು ಅದರ ಲಕ್ಷಣಗಳನ್ನು ನೋಡಿ ಕಾರಣವನ್ನು ಊಹಿಸುವ ಕೆಲಸ.

ದಫ್ತರದಲ್ಲಿ ಬರೆದ ನಿಯಮ

ಮೊಬೈಲ್ ಜಾಲದಲ್ಲಿ ಪ್ರತಿಯೊಂದು ನಂಬರಿನ ವಿವರಗಳನ್ನು ಇಟ್ಟುಕೊಂಡಿರುವ ಒಂದು ದತ್ತಾಂಶಕೋಶವಿದ್ದು, ಅದನ್ನು ಹೋಮ್ ಲೊಕೇಶನ್ ರಿಜಿಸ್ಟರ್ ಎಂದು ಕರೆಯುತ್ತಾರೆ; ಚಂದಾದಾರರ ದಫ್ತರ ಎಂದರೂ ಸಲ್ಲುತ್ತದೆ. ಒಂದು ನಂಬರಿಗೆ ಬಂದ ಕರೆಯನ್ನು ಯಾವ ಸಂದರ್ಭದಲ್ಲಿ ಎಲ್ಲಿಗೆ ತಿರುಗಿಸಬೇಕೆಂಬುದು ಈ ದಫ್ತರದಲ್ಲಿ ನಮೂದಾಗಿರುತ್ತದೆ. ಯಾವ ಷರತ್ತೂ ಇಲ್ಲದೆ ಎಲ್ಲ ಕರೆಗಳನ್ನೂ ತಿರುಗಿಸುವುದು ಒಂದು ಬಗೆಯಾದರೆ, ಷರತ್ತಿನ ಮೇಲೆ ತಿರುಗಿಸುವುದರಲ್ಲಿ ಮೂರು ಒಳಬಗೆಗಳಿವೆ: ಗಂಟೆ ಬಾರಿಸಿಯೂ ಎತ್ತದಿದ್ದಾಗ, ಬೇರೆ ಕರೆಯಲ್ಲಿದ್ದಾಗ, ಮತ್ತು ಫೋನ್ ಸ್ವಿಚ್ ಆಫ್ ಆಗಿ ಇಲ್ಲವೇ ಸಿಗ್ನಲ್ ಸಿಗದೆ ಸಂಪರ್ಕಕ್ಕೆ ಬಾರದಿದ್ದಾಗ. ಈ ಮೂರನೆಯ ಸ್ಥಿತಿಯಲ್ಲಿಯೇ ಕರ್ನಾಟಕದಲ್ಲಿ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆಂಬ, ಎಲ್ಲರ ಕಿವಿಗೂ ಪರಿಚಿತವಾದ ಘೋಷಣೆ ಕೇಳಿಬರುತ್ತದೆ. ಅದೇ ಸ್ಥಿತಿಯಲ್ಲಿ ಅಮೆರಿಕದ ಜಾಲ ಕರೆಯನ್ನು ವಾಯ್ಸ್‌ಮೇಲ್‌ನ ನಂಬರಿಗೆ ಕಳುಹಿಸುತ್ತದೆ. ಯಂತ್ರಾಂಗ ಎರಡೂ ಕಡೆ ಒಂದೇ ಆಗಿದ್ದು, ಇಲ್ಲಿ ಮುಂದಿನ ನಂಬರನ್ನು ಬರೆಯಬೇಕಾದ ಜಾಗ ಖಾಲಿ ಉಳಿದಿದೆ, ಅಷ್ಟೆ.

ಬಳಕೆದಾರರು ಸಾಮಾನ್ಯವಾಗಿ ಗಮನಿಸದ ಸೂಕ್ಷ್ಮವೊಂದು ಇಲ್ಲಿದೆ. ಬರುತ್ತಿರುವ ಕರೆಯನ್ನು ಕೆಂಪು ಗುಂಡಿ ಒತ್ತಿ ಕತ್ತರಿಸಿದರೆ ಜಾಲ ಅದನ್ನು ‘ಎತ್ತಲಿಲ್ಲ’ ಎಂದು ಎಣಿಸದೆ ‘ಬಿಝಿ’ ಎಂದು ಎಣಿಸುತ್ತದೆ. ಆದ್ದರಿಂದ ಮೂರು ನಿಯಮಗಳಲ್ಲಿ ಒಂದು ಮಾತ್ರ ಅಳಿಸಿಹೋಗಿದ್ದರೆ, ಕೆಲವು ಸಂದೇಶಗಳು ಬಂದು ಕೆಲವು ಬಾರದಿರುವ, ತಲೆಬುಡ ತಿಳಿಯದ ಸ್ಥಿತಿ ಉಂಟಾಗುತ್ತದೆ. ಇದನ್ನು ಬಿಡಿಸುವ ಉಪಾಯ ಸುಲಭದ್ದು: ಮನೆಯ ಇನ್ನೊಂದು ಫೋನಿನಿಂದ ಮೂರು ಸಲ ಕರೆ ಮಾಡಿ, ಒಮ್ಮೆ ಗಂಟೆ ಪೂರ್ತಿ ಹೊಡೆಯಲು ಬಿಟ್ಟು, ಮತ್ತೊಮ್ಮೆ ಕತ್ತರಿಸಿ, ಕೊನೆಯದಾಗಿ ಫೋನನ್ನು ಆಫ್ ಮಾಡಿ ನೋಡಿದರೆ ಯಾವ ನಿಯಮ ಕೆಟ್ಟಿದೆಯೆಂಬುದು ಐದು ನಿಮಿಷದಲ್ಲಿ ಬಯಲಾಗುತ್ತದೆ. ಮೂರೂ ಸಲ ಸಂದೇಶ ಬಿಡಲು ಸಾಧ್ಯವಾದರೆ ನಿಯಮಗಳೆಲ್ಲ ಸರಿಯಾಗಿವೆ, ಹುಡುಕಬೇಕಾದದ್ದು ಮುಂದಿನ ಹಂತದಲ್ಲಿ.

ದಫ್ತರದಲ್ಲಿ ಏನು ಬರೆದಿದೆಯೆಂದು ಜಾಲವನ್ನೇ ಕೇಳಿ ನೋಡಲು ಜಿಎಸ್‌ಎಂ ಎಂಬ ಮೊಬೈಲ್ ಜಾಲದ ಪದ್ಧತಿ ಕೆಲವು ಸಂಕೇತಗಳನ್ನು ಗೊತ್ತುಮಾಡಿದೆ. ಕರೆ ಮಾಡುವ ಪರದೆಯಲ್ಲಿ *#61# ಎಂದು ಒತ್ತಿ ಕರೆ ಗುಂಡಿ ಮುಟ್ಟಿದರೆ ಎತ್ತದ ಕರೆ ಎಲ್ಲಿಗೆ ಹೋಗುತ್ತದೆಂಬುದೂ, *#67# ಎಂದರೆ ಬಿಝಿ ಇದ್ದಾಗಿನದೂ, *#62# ಎಂದರೆ ಸಂಪರ್ಕ ಸಿಗದಾಗಿನದೂ, *#21# ಎಂದರೆ ಷರತ್ತಿಲ್ಲದ ವರ್ಗಾವಣೆಯೂ ತೆರೆಯ ಮೇಲೆ ಮೂಡುತ್ತವೆ. ಮೂರು ಷರತ್ತುಗಳನ್ನು ಒಟ್ಟಿಗೆ ಅಳಿಸುವ ##004# ಎಂಬ ಸಂಕೇತವನ್ನು ಮಾತ್ರ ಕಂಡಕಂಡಲ್ಲಿ ಓದಿ ಒತ್ತುವುದು ಸಲ್ಲದು. ಕೆಲವು ಕಂಪನಿಗಳ ಜಾಲದಲ್ಲಿ ಅದು ನಿಯಮಗಳನ್ನು ಮೂಲಸ್ಥಿತಿಗೆ ತಂದು ವಾಯ್ಸ್‌ಮೇಲನ್ನು ಸರಿಪಡಿಸಿದರೆ, ಬೇರೆ ಕಂಪನಿಗಳಲ್ಲಿ ವಾಯ್ಸ್‌ಮೇಲನ್ನೇ ಪೂರ್ತಿಯಾಗಿ ನಿಲ್ಲಿಸಿಬಿಡುತ್ತದೆ. ಸಿಡಿಎಂಎ ಎಂಬ ಬೇರೆ ತಂತ್ರದಿಂದ ಬೆಳೆದು ಬಂದ ವೆರೈಝನ್‌ನಂಥ ಕಂಪನಿಯಲ್ಲಿ ಸಂಕೇತಗಳೇ ಬೇರೆ. ಅಲ್ಲಿ ವರ್ಗಾವಣೆಗೆ *71 ಮತ್ತು *72, ರದ್ದತಿಗೆ *73.

ನಿಯಮ ತಾನಾಗಿ ಕೆಡುವುದು ಅಪರೂಪ, ಯಾರೋ ಬದಲಿಸಿರುತ್ತಾರೆ. ಅನಗತ್ಯ ಕರೆಗಳನ್ನು ತಡೆಯುವ ಆ್ಯಪ್‌ಗಳಲ್ಲಿ ಹಲವು, ಅಳವಡಿಸುವಾಗ ಕೇಳುವ ಅನುಮತಿಗಳ ನಡುವೆ, ಎತ್ತದ ಕರೆಗಳೆಲ್ಲ ತಮ್ಮ ಸರ್ವರ್‌ಗೆ ಬರುವಂತೆ ದಫ್ತರವನ್ನು ತಿದ್ದಿಸುತ್ತವೆ. ಒಂದು ವರ್ಷದ ನಂತರ ಬೇಡವೆಂದು ಆ ಆ್ಯಪನ್ನು ಅಳಿಸಿದಾಗ ಫೋನಿನಿಂದ ಅದು ಮಾಯವಾಗುತ್ತದೆಯೇ ಹೊರತು ದಫ್ತರದಲ್ಲಿನ ನಮೂದು ಹಾಗೆಯೇ ಉಳಿಯುತ್ತದೆ. ಆಮೇಲೆ ಬರುವ ಸಂದೇಶಗಳು, ಮಾಲೀಕರಿಲ್ಲದ ಪೆಟ್ಟಿಗೆಯೊಂದರಲ್ಲಿ ತುಂಬುತ್ತಿರುತ್ತವೆ. ಫೋನಿನಲ್ಲಿ ಮಾತ್ರ ಯಾವ ದೋಷವೂ ಕಾಣುವುದಿಲ್ಲ. ಫೋನನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಫಲವಿಲ್ಲ; ಹೊಸ ಫೋನಿಗೆ ಅದೇ ಸಿಮ್ ಹಾಕಿದರೂ ರೋಗ ಜೊತೆಗೇ ಬರುತ್ತದೆ. *#61# ಒತ್ತಿದಾಗ ಕಾಣುವ ನಂಬರು ಕಂಪನಿಯ ವಾಯ್ಸ್‌ಮೇಲ್ ನಂಬರು ಆಗಿರದಿದ್ದರೆ ಕಾರಣ ಇದೇ ಎಂದು ತಿಳಿಯಬೇಕು. ಕಂಪನಿಯ ನಂಬರು ಗೊತ್ತಿಲ್ಲದವರು ಹೋಲಿಸಿ ನೋಡಲು, ಅದೇ ಕಂಪನಿಯ ಸಿಮ್ ಇರುವ ಗೆಳೆಯರ ಫೋನಿನಲ್ಲಿಯೂ ಅದೇ ಸಂಕೇತ ಒತ್ತಬಹುದು.

ಎಷ್ಟು ಹೊತ್ತು ಗಂಟೆ ಬಾರಿಸಿದ ಮೇಲೆ ಕರೆ ತಿರುಗಬೇಕೆಂಬುದೂ ನಿಯಮದ ಭಾಗವೇ. ಜಿಎಸ್‌ಎಂ ಮಾನಕದ ಪ್ರಕಾರ ಅದನ್ನು ಐದೈದು ಸೆಕೆಂಡುಗಳ ಅಂತರದಲ್ಲಿ 5ರಿಂದ 30 ಸೆಕೆಂಡಿನವರೆಗೆ ಗೊತ್ತುಮಾಡಬಹುದು; **61* ಎಂದು ಬರೆದು ವಾಯ್ಸ್‌ಮೇಲ್ ನಂಬರು, ಮತ್ತೆ *11*, ಆಮೇಲೆ ಸೆಕೆಂಡಿನ ಸಂಖ್ಯೆ, ಕೊನೆಗೆ # ಒತ್ತುವುದು ಅದರ ಕ್ರಮ. ‘ನಾಲ್ಕು ಗಂಟೆಗೆಲ್ಲ ಕರೆ ಕಟ್ಟಾಗುತ್ತದೆ’ ಎಂಬ ದೂರು ಅಮೆರಿಕಕ್ಕೆ ಹೋದ ಹಿರಿಯರಿಂದ ಹೆಚ್ಚಾಗಿ ಬರುವುದಕ್ಕೂ ಒಂದು ಕಾರಣವುಂಟು. ಕರೆ ಮಾಡಿದವರಿಗೆ ಕೇಳುವ ಗಂಟೆಯ ನಾದ ಭಾರತದಲ್ಲಿ ಎರಡೆರಡು ಬಡಿತಗಳ ಜೋಡಿಯಾಗಿದ್ದು ಸುಮಾರು ಮೂರು ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಅಮೆರಿಕದಲ್ಲಿ ಎರಡು ಸೆಕೆಂಡು ಉದ್ದದ ಒಂದೇ ನಾದ, ನಂತರ ನಾಲ್ಕು ಸೆಕೆಂಡಿನ ಮೌನ. ಹೀಗಾಗಿ ಅದೇ ಇಪ್ಪತ್ತು ಸೆಕೆಂಡು ಇಲ್ಲಿನ ಕಿವಿಗೆ ಆರೇಳು ಗಂಟೆಯಾದರೆ ಅಲ್ಲಿ ಮೂರೋ ನಾಲ್ಕೋ. ಮಂಡಿನೋವಿನ ಅಜ್ಜಿ ಅಡುಗೆಮನೆಯಿಂದ ನಡೆದುಬರಲು 30 ಸೆಕೆಂಡು ಇರಿಸಿಕೊಡುವುದು, ಮನೆಯ ಮಕ್ಕಳು ಮಾಡಬಹುದಾದ ಅತ್ಯಂತ ಸುಲಭದ ಉಪಕಾರ.

ಇತ್ತೀಚಿನ ವರ್ಷಗಳಲ್ಲಿ ಹೊಸ ತೊಡಕೊಂದು ಸೇರಿಕೊಂಡಿದೆ. ಕರೆಗಳು ವೋಲ್ಟಿಇ, ಅಂದರೆ 4ಜಿ ದತ್ತಾಂಶ ಜಾಲದ ಮೇಲೆಯೇ ಸಾಗುವ ಪದ್ಧತಿಗೆ ಬಂದ ಮೇಲೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಕಾಲ್ ಫಾರ್ವರ್ಡಿಂಗ್ ಪುಟ ಜಾಲದ ಜೊತೆ ಮಾತಾಡುವುದು ಎಕ್ಸ್‌ಕ್ಯಾಪ್ ಎಂಬ ಅಂತರ್ಜಾಲ ನಿಯಮಾವಳಿಯ ಮೂಲಕ. ಮೊಬೈಲ್ ಡೇಟಾ ಆಫ್ ಆಗಿದ್ದರೆ ಆ ಮಾತುಕತೆ ನಡೆಯದೆ, ನೆಟ್‌ವರ್ಕ್ ಅಥವಾ ಸಿಮ್ ಕಾರ್ಡ್ ದೋಷವೆಂಬ ಸೂಚನೆ ಪರದೆಯ ಮೇಲೆ ಬೀಳುತ್ತದೆ. ಇದನ್ನು ಓದಿ ಸಿಮ್ ಬದಲಿಸಲು ಹೊರಟವರಿದ್ದಾರೆ. ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ ಮತ್ತೆ ಆ ಪುಟ ತೆರೆದರೆ ಹಲವು ಸಲ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಗಂಟೆಯೇ ಹೊಡೆಯದೆ ಕರೆಗಳೆಲ್ಲ ನೇರವಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತಿದ್ದರೆ ಮಾತ್ರ ಅನುಮಾನವನ್ನು ಫೋನಿನ ಮೇಲೆ ತಿರುಗಿಸುವುದು ನ್ಯಾಯ. ಡು ನಾಟ್ ಡಿಸ್ಟರ್ಬ್ ಅಥವಾ ಫೋಕಸ್ ಎಂಬ ಏಕಾಂತದ ಸ್ಥಿತಿ ಆನ್ ಆಗಿರುವುದು, ಐಫೋನಿನಲ್ಲಿ 2019ರಿಂದ ಇರುವ, ಪರಿಚಯವಿಲ್ಲದ ನಂಬರುಗಳನ್ನು ಸುಮ್ಮನಾಗಿಸುವ ಸೌಲಭ್ಯ ಚಾಲೂ ಆಗಿರುವುದು, ಕರೆಯ ಸದ್ದು ಕಾರಿನ ಇಲ್ಲವೇ ಕಿವಿಯ ಬ್ಲೂಟೂತ್ ಸಾಧನಕ್ಕೆ ಹೋಗಿ ಕೇಳಿಸದಿರುವುದು, ಇವು ಸಾಮಾನ್ಯ ಕಾರಣಗಳು. ಎರಡನೆಯದು ವಿಶೇಷವಾಗಿ ಹಾನಿಕರ, ಏಕೆಂದರೆ ಆಸ್ಪತ್ರೆ, ಕೊರಿಯರ್, ಶಾಲೆಗಳ ನಂಬರುಗಳು ಯಾರ ಫೋನ್‌ಬುಕ್ಕಿನಲ್ಲಿಯೂ ಇರುವುದಿಲ್ಲ. ಇನ್ನೊಂದು ಬಗೆಯಲ್ಲಿ ಫೋನಿನದೂ ತಪ್ಪಿಲ್ಲ, ಜಾಲದದೂ ತಪ್ಪಿಲ್ಲ: ಜಾಹೀರಾತಿನವರು ಗಂಟೆ ಹೊಡೆಸದೆಯೇ ಸಂದೇಶವನ್ನು ಪೆಟ್ಟಿಗೆಗೆ ತುರುಕುವ ತಂತ್ರ ಬಳಸುತ್ತಾರೆ. ಇದಕ್ಕೂ ಗ್ರಾಹಕರ ಪೂರ್ವಾನುಮತಿ ಬೇಕೆಂದು ಅಮೆರಿಕದ ಸಂವಹನ ಆಯೋಗ 2022ರ ನವೆಂಬರಿನಲ್ಲಿ ತೀರ್ಪಿತ್ತಿದೆ.

ಪೆಟ್ಟಿಗೆ ಮತ್ತು ಅದರ ಬೀಗ

ಕರೆ ತಿರುಗಿ ಸರ್ವರ್ ತಲುಪಿದರೂ ಪೆಟ್ಟಿಗೆ ತೆರೆಯದಿರಬಹುದು. ಹೊಸ ಸಿಮ್ ಪಡೆದವರು ಮೊದಲ ಸಲ ವಾಯ್ಸ್‌ಮೇಲ್‌ಗೆ ಕರೆ ಮಾಡಿ, ಪಿನ್ ಎಂಬ ಗುಪ್ತಸಂಖ್ಯೆಯನ್ನು ನಿಗದಿಪಡಿಸಿ, ಕರೆ ಮಾಡಿದವರಿಗೆ ಕೇಳಿಸಬೇಕಾದ ಸ್ವಾಗತದ ಮಾತನ್ನು ಮುದ್ರಿಸುವವರೆಗೆ ಪೆಟ್ಟಿಗೆ ಸಿದ್ಧವಾಗಿಲ್ಲವೆಂಬ ಘೋಷಣೆಯಷ್ಟೇ ಆಚೆಯವರಿಗೆ ಕೇಳುತ್ತದೆ. ಪೆಟ್ಟಿಗೆ ತುಂಬಿದ್ದರೂ ಅಷ್ಟೆ. ಇದರಲ್ಲಿ ಐಫೋನ್ ಬಳಸುವವರನ್ನು ಏಮಾರಿಸುವ ಒಂದು ಸಂಗತಿಯಿದೆ: ಅಳಿಸಿದ ಸಂದೇಶಗಳು ಪಟ್ಟಿಯಿಂದ ಮರೆಯಾದರೂ ನಾಶವಾಗದೆ, ಪಟ್ಟಿಯ ತಳದಲ್ಲಿರುವ ‘ಡಿಲೀಟೆಡ್ ಮೆಸೇಜಸ್’ ಎಂಬ ಕಡತಕ್ಕೆ ಸೇರಿ ಅಲ್ಲಿ ಜಾಗ ಹಿಡಿದುಕೊಂಡಿರಬಹುದು. ಆ ಕಡತ ತೆರೆದು ‘ಕ್ಲಿಯರ್ ಆಲ್’ ಒತ್ತಿದ ಮೇಲೆಯೇ ಜಾಗ ತೆರವಾಗುವುದು. ಪಟ್ಟಿ ಖಾಲಿ ಕಾಣುತ್ತಿದ್ದರೂ ಪೆಟ್ಟಿಗೆ ತುಂಬಿದೆಯೆಂದು ಗೆಳೆಯರು ದೂರಿದರೆ ಮೊದಲು ನೋಡಬೇಕಾದ ಜಾಗ ಇದು.

ಪಿನ್ನಿನ ವಿಚಾರದಲ್ಲಿ ಉದಾಸೀನ ಸಲ್ಲದೆಂಬುದಕ್ಕೆ ಬ್ರಿಟನ್ನಿನ ಇತಿಹಾಸವೇ ಸಾಕ್ಷಿ. ಅಲ್ಲಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ವಾರಪತ್ರಿಕೆಗಾಗಿ ಕೆಲಸ ಮಾಡುತ್ತಿದ್ದವರು ರಾಜಮನೆತನದ ಸಿಬ್ಬಂದಿ ಮೊದಲ್ಗೊಂಡು ಅನೇಕರ ವಾಯ್ಸ್‌ಮೇಲ್‌ಗಳನ್ನು ಕದ್ದು ಕೇಳಿದ್ದು ಹೊರಬಿದ್ದು, 2007ರ ಜನವರಿಯಲ್ಲಿ ವರದಿಗಾರ ಕ್ಲೈವ್ ಗುಡ್‌ಮನ್ ಮತ್ತು ಖಾಸಗಿ ಪತ್ತೇದಾರ ಗ್ಲೆನ್ ಮಲ್ಕೇರ್ ಜೈಲಿಗೆ ಹೋದರು. ಹಗರಣ ಬೆಳೆದು 2011ರ ಜುಲೈ 10ರಂದು ಆ ಪತ್ರಿಕೆಯೇ ಕೊನೆಯ ಸಂಚಿಕೆ ಹೊರಡಿಸಿ ಮುಚ್ಚಿತು. ಅವರು ಬಳಸಿದ ತಂತ್ರದಲ್ಲಿ ಮಹಾ ವಿದ್ಯೆಯೇನೂ ಇರಲಿಲ್ಲ. ವಾಯ್ಸ್‌ಮೇಲನ್ನು ಬೇರೆ ಫೋನಿನಿಂದಲೂ ಕೇಳುವ ಸೌಕರ್ಯ ಮೊದಲಿನಿಂದ ಇದ್ದು, ಕಂಪನಿ ಕೊಟ್ಟ ಮೂಲ ಪಿನ್ನನ್ನು ಬಹಳಷ್ಟು ಜನ ಬದಲಿಸಿರಲಿಲ್ಲ. ಇಂದು ಅಪಾಯದ ಸ್ವರೂಪ ಬದಲಾಗಿದೆ: ವಾಟ್ಸ್‌ಆ್ಯಪ್‌ನಂಥ ಸೇವೆಗಳು ದೃಢೀಕರಣದ ಸಂಖ್ಯೆಯನ್ನು ಕರೆ ಮಾಡಿಯೂ ಹೇಳುವುದರಿಂದ, ಮಧ್ಯರಾತ್ರಿ ಆ ಕರೆ ಎತ್ತದೆ ವಾಯ್ಸ್‌ಮೇಲ್‌ಗೆ ಹೋದರೆ, ಸಡಿಲ ಪಿನ್ನನ್ನು ಊಹಿಸಿದ ಕಳ್ಳನಿಗೆ ಖಾತೆಯೇ ದಕ್ಕುತ್ತದೆ. ಭದ್ರತಾ ಸಂಶೋಧಕ ಮಾರ್ಟಿನ್ ವಿಗೊ 2018ರ ಡೆಫ್‌ಕಾನ್ ಸಮ್ಮೇಳನದಲ್ಲಿ ಇದನ್ನು ಮಾಡಿ ತೋರಿಸಿದರು.

ಸುದ್ದಿ ತರುವ ಎಸ್‌ಎಂಎಸ್

ಪೆಟ್ಟಿಗೆಯಲ್ಲಿ ಏನೂ ಇಲ್ಲದಿದ್ದರೂ ಪರದೆಯ ಮೇಲ್ಭಾಗದಲ್ಲಿ ವಾಯ್ಸ್‌ಮೇಲ್ ಗುರುತು ವಾರಗಟ್ಟಲೆ ಅಂಟಿಕೊಂಡಿರುವುದು, ಆ್ಯಂಡ್ರಾಯ್ಡ್ ಫೋನುಗಳಲ್ಲಿ ವಿಶೇಷವಾಗಿ ಕಾಡುವ ಕಿರಿಕಿರಿ. ಈ ಗುರುತನ್ನು ಹಚ್ಚುವುದೂ ಆರಿಸುವುದೂ ಸರ್ವರ್ ಕಳುಹಿಸುವ ವಿಶೇಷ ಬಗೆಯ ಎಸ್‌ಎಂಎಸ್. ಅದರ ತಲೆಯಲ್ಲಿರುವ ಸಂಕೇತವನ್ನು ಓದಿದ ಫೋನು ಅದನ್ನು ಸಂದೇಶಗಳ ಪಟ್ಟಿಗೆ ಸೇರಿಸದೆ, ಗುರುತನ್ನಷ್ಟೇ ತೋರಿಸುತ್ತದೆ ಅಥವಾ ತೆಗೆಯುತ್ತದೆ. ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ‘ಆರಿಸು’ ಎಂಬ ಎಸ್‌ಎಂಎಸ್ ಕಳೆದುಹೋದರೆ ಗುರುತು ಹಾಗೆಯೇ ಉಳಿಯುತ್ತದೆ. ಸಿಮ್ ಕಾರ್ಡಿನಲ್ಲಿಯೂ ಈ ಸ್ಥಿತಿ ದಾಖಲಾಗುವುದುಂಟಾದ್ದರಿಂದ ರೀಸ್ಟಾರ್ಟ್ ಮಾಡಿದರೂ ಹೋಗದಿರಬಹುದು. ಇದಕ್ಕೆ ತಕ್ಕ ಮದ್ದೆಂದರೆ ಬೇರೆ ಫೋನಿನಿಂದ ತನಗೆ ತಾನೇ ಒಂದು ಸಂದೇಶ ಬಿಟ್ಟುಕೊಂಡು, ಅದನ್ನು ಪೂರ್ತಿ ಕೇಳಿ, ಅಳಿಸುವುದು. ಆಗ ಸರ್ವರ್ ಹೊಸದಾಗಿ ‘ಆರಿಸು’ ಎಂದು ಹೇಳಿಕಳುಹಿಸುತ್ತದೆ.

ಐಫೋನ್ 2007ರ ಜೂನ್ 29ರಂದು ಮಾರುಕಟ್ಟೆಗೆ ಬಂದಾಗ ತಂದ ವಿಷುವಲ್ ವಾಯ್ಸ್‌ಮೇಲ್‌ನಲ್ಲಿ ಸಂದೇಶಗಳನ್ನು ಸಾಲಾಗಿ ಕೇಳುವ ಕಾಟ ತಪ್ಪಿ, ಇಮೇಲ್‌ನಂತೆ ಪಟ್ಟಿಯಿಂದ ಬೇಕಾದುದನ್ನು ಆರಿಸಿ ಕೇಳುವುದು ಸಾಧ್ಯವಾಯಿತು. ಇಮೇಲ್ ತರಿಸಿಕೊಳ್ಳಲು ಬಳಸುವ ಐಮ್ಯಾಪ್ ಎಂಬ ನಿಯಮಾವಳಿಯೇ ಇಲ್ಲಿಯೂ ಒಳಗೊಳಗೆ ಕೆಲಸ ಮಾಡುತ್ತದೆ. ಹೊಸ ಸಂದೇಶ ಬಂದೊಡನೆ ಸರ್ವರ್ ಫೋನಿಗೆ ಒಂದು ಗುಪ್ತ ಎಸ್‌ಎಂಎಸ್ ಕಳುಹಿಸಿದರೆ, ಫೋನು ಡೇಟಾ ಸಂಪರ್ಕದ ಮೂಲಕ ಹೋಗಿ ಧ್ವನಿಕಡತವನ್ನು ಇಳಿಸಿಕೊಳ್ಳುತ್ತದೆ. ಫೋನಿಗೆ ಆ ಎಸ್‌ಎಂಎಸ್‌ನ ಅರ್ಥ ತಿಳಿಯದಿದ್ದಾಗ ಅದು ಸಾಮಾನ್ಯ ಸಂದೇಶವಾಗಿ ಬಯಲಿಗೆ ಬೀಳುತ್ತದೆ: ಎರಡು ಓರೆಗೆರೆ, ವಿವಿಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಅರ್ಥವಾಗದ ಅಕ್ಷರ ಅಂಕಿಗಳ ಸರಮಾಲೆ. ಇದನ್ನು ಕಂಡು ಫೋನ್ ಹ್ಯಾಕ್ ಆಗಿದೆಯೆಂದು ಹೆದರಬೇಕಾಗಿಲ್ಲ. ಕಂಪನಿ ಬದಲಿಸಿದ ಮೇಲೆ, ಅಥವಾ ಭಾರತದಲ್ಲಿ ಕೊಂಡ ಫೋನಿಗೆ ಅಮೆರಿಕದ ಸಿಮ್ ಹಾಕಿದಾಗ, ಆ ಕಂಪನಿಗೆ ತಕ್ಕ ಹೊಂದಾಣಿಕೆ ಫೋನಿನಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಅಂಥ ಫೋನಿನಲ್ಲಿಯೂ 1ರ ಗುಂಡಿಯನ್ನು ಒತ್ತಿ ಹಿಡಿದು ಹಳೆಯ ಕ್ರಮದಲ್ಲಿ ಸಂದೇಶ ಕೇಳುವುದಕ್ಕೆ ಅಡ್ಡಿಯಿಲ್ಲ.

ಪಟ್ಟಿಯಲ್ಲಿ ಸಂದೇಶ ಕಾಣಿಸಿಯೂ ಕೇಳಿಸದಿದ್ದರೆ, ಇಲ್ಲವೇ ಪಟ್ಟಿಯೇ ಬಾರದಿದ್ದರೆ, ಮೊದಲ ಅನುಮಾನ ಡೇಟಾ ಸಂಪರ್ಕದ ಮೇಲೆ. ಕೆಲವು ಕಂಪನಿಗಳ ಸರ್ವರ್‌ಗಳು ತಮ್ಮದೇ ಜಾಲದೊಳಗಿನಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯುವುದರಿಂದ, ಕಚೇರಿಯ ವಿಪಿಎನ್ ಚಾಲೂ ಇದ್ದರೆ, ಅಂದರೆ ದತ್ತಾಂಶವೆಲ್ಲ ಕಚೇರಿಯ ಜಾಲದ ಮೂಲಕ ಸುತ್ತಿ ಬರುತ್ತಿದ್ದರೆ, ವಿಷುವಲ್ ವಾಯ್ಸ್‌ಮೇಲ್ ಮೌನ ತಾಳುತ್ತದೆ. ಐಟಿ ಉದ್ಯೋಗಿಗಳು ಹೆಚ್ಚಿರುವ ಅಲ್ಲಿನ ಕನ್ನಡ ಮನೆಗಳಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸುವುದು ಲೇಸು. ವಿಪಿಎನ್ ನಿಲ್ಲಿಸಿ, ಏರ್‌ಪ್ಲೇನ್ ಮೋಡ್ ಆನ್ ಮಾಡಿ ಆಫ್ ಮಾಡಿ, ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಕಂಪನಿಯ ಹೊಸ ಹೊಂದಾಣಿಕೆ ಬಂದಿದೆಯೇ ನೋಡಿದ ಮೇಲೂ ಸರಿಹೋಗದಿದ್ದರೆ ಮಾತ್ರ ನೆಟ್‌ವರ್ಕ್ ರೀಸೆಟ್‌ಗೆ ಕೈಹಾಕಬೇಕು. ಅದು ಮನೆ, ಕಚೇರಿಗಳ ವೈ-ಫೈ ಪಾಸ್‌ವರ್ಡುಗಳನ್ನೆಲ್ಲ ಒರೆಸಿಹಾಕುತ್ತದೆ.

ಸಂದೇಶವನ್ನು ಅಕ್ಷರಕ್ಕಿಳಿಸಿ ತೋರಿಸುವ ಸೌಲಭ್ಯ ಬಂದ ಮೇಲೆ ಹೊಸ ದೂರುಗಳೂ ಹುಟ್ಟಿವೆ. ದಾವಣಗೆರೆಯಿಂದ ತಾಯಿ ಕನ್ನಡದಲ್ಲಿ ಬಿಟ್ಟ ಮಾತನ್ನು ಇಂಗ್ಲಿಷಿಗಷ್ಟೇ ತಯಾರಾದ ತಂತ್ರಾಂಶ ಇಂಗ್ಲಿಷೆಂದೇ ಬಗೆದು, ಧ್ವನಿಗೆ ಹತ್ತಿರವಾದ ಇಂಗ್ಲಿಷ್ ಪದಗಳನ್ನು ಪೋಣಿಸಿ ನಗೆಪಾಟಲಿನ ಬರಹವೊಂದನ್ನು ಮುಂದಿಡುತ್ತದೆ. ಇದು ದೋಷವೇ ಅಲ್ಲ, ಧ್ವನಿಯನ್ನು ಕೇಳಿದರಾಯಿತು. 2023ರಲ್ಲಿ ಐಓಎಸ್ 17ರೊಡನೆ ಬಂದ ಲೈವ್ ವಾಯ್ಸ್‌ಮೇಲ್ ಮಾತ್ರ ನಿಜವಾದ ಗೊಂದಲಕ್ಕೆ ಎಡೆಮಾಡುತ್ತದೆ. ಇಲ್ಲಿ ಫೋನೇ ಕರೆಯನ್ನು ಎತ್ತಿ, ಆಚೆಯವರು ಮಾತಾಡುತ್ತಿರುವಾಗಲೇ ಅದನ್ನು ಬರಹವಾಗಿ ತೋರಿಸುವುದರಿಂದ, ವಾಯ್ಸ್‌ಮೇಲ್ ಫೋನಿನೊಳಗೆ ಇರುವುದಿಲ್ಲವೆಂಬ ಮಾತಿಗೆ ಇದೊಂದು ಅಪವಾದ. ಫೋನ್ ಆಫ್ ಆಗಿದ್ದಾಗ ಬಂದ ಕರೆಗಳು ಎಂದಿನಂತೆ ಕಂಪನಿಯ ಪೆಟ್ಟಿಗೆಗೇ ಹೋಗುವುದರಿಂದ, ಒಬ್ಬರಿಗೆ ಕೇಳಿದ ಸ್ವಾಗತ ಇನ್ನೊಬ್ಬರಿಗೆ ಕೇಳದಿರಬಹುದು. ಗೊಂದಲ ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಕೊಳ್ಳಬಹುದು.

ಭಾರತಕ್ಕೆ ಬಂದಾಗ

ವಾಯ್ಸ್‌ಮೇಲ್‌ನಂಥ ಸೇವೆಗಳನ್ನು ಭಾರತ ಸರ್ಕಾರ 1992ರಲ್ಲಿಯೇ ಖಾಸಗಿಯವರಿಗೆ ತೆರೆದಿದ್ದರೂ ಅವು ಜನರ ರೂಢಿಗೆ ಬರಲಿಲ್ಲ. ಪೆಟ್ಟಿಗೆ ಕರೆಯನ್ನು ಎತ್ತಿಕೊಂಡ ಗಳಿಗೆಯಿಂದ ಕರೆ ಮಾಡಿದವನಿಗೆ ದರ ಬೀಳುತ್ತದೆ. ಎತ್ತದೆ ಬಿಟ್ಟ ಮಿಸ್ಡ್ ಕಾಲಿಗೆ ಕಾಸಿಲ್ಲ. ಪ್ರೀಪೇಯ್ಡ್ ಕರೆನ್ಸಿಯನ್ನು ಪೈಸೆ ಲೆಕ್ಕದಲ್ಲಿ ಖರ್ಚು ಮಾಡುತ್ತಿದ್ದ, 2003ರಿಂದ ಒಳಬರುವ ಕರೆಗಳು ಪುಕ್ಕಟೆಯಾದ ನಾಡಿನಲ್ಲಿ ಇವೆರಡರಲ್ಲಿ ಯಾವುದು ಗೆದ್ದೀತೆಂದು ಹೇಳಲು ಪಾಂಡಿತ್ಯ ಬೇಕಿಲ್ಲ. ಧ್ವನಿಸಂದೇಶದ ಅಗತ್ಯವನ್ನು ಮುಂದೆ 2013ರಲ್ಲಿ ವಾಟ್ಸ್‌ಆ್ಯಪ್ ಪೂರೈಸಿತು. ಕನ್ನಡ ಕೀಲಿಮಣೆಗೆ ಒಗ್ಗದ ಹಿರಿಯರು ಅದನ್ನು ಈಗ ಹಿಡಿದ ಕೈ ಬಿಡದೆ ಬಳಸುತ್ತಿದ್ದಾರೆ. ಹೀಗಾಗಿ ಇಲ್ಲಿನ ಆ್ಯಂಡ್ರಾಯ್ಡ್ ಫೋನಿನಲ್ಲಿ 1ರ ಗುಂಡಿ ಒತ್ತಿ ಹಿಡಿದಾಗ ವಾಯ್ಸ್‌ಮೇಲ್ ನಂಬರು ಇಲ್ಲವೆಂಬ ಸೂಚನೆ ಬಂದರೆ ಅದನ್ನು ಕೆಡುಕೆಂದು ತಿಳಿಯಬೇಕಿಲ್ಲ. ಕರೆ ತಿರುಗಿಸುವ ಯಂತ್ರಾಂಗ ಮಾತ್ರ ಇಲ್ಲಿಯೂ ಜೀವಂತವಾಗಿದೆ, ಮತ್ತು ಅದನ್ನು ಚೆನ್ನಾಗಿ ಅರಿತವರು ವಂಚಕರು. ಇಂಟರ್ನೆಟ್ ಸರಿಪಡಿಸುತ್ತೇವೆಂದೋ ಪಾರ್ಸೆಲ್ ಬಂದಿದೆಯೆಂದೋ ನಂಬಿಸಿ, *401* ಎಂಬುದರ ಮುಂದೆ ತಮ್ಮ ನಂಬರನ್ನು ಒತ್ತಿಸಿ, ಗ್ರಾಹಕನಿಗೆ ಬರುವ ಕರೆಗಳನ್ನೆಲ್ಲ ತಮ್ಮೆಡೆಗೆ ತಿರುಗಿಸಿಕೊಂಡು, ಕರೆಯಲ್ಲಿ ಬರುವ ಓಟಿಪಿ ಕದಿಯುವ ದಂಧೆ ಹೆಚ್ಚಿದ್ದರಿಂದ, ಕೇಂದ್ರ ದೂರಸಂಪರ್ಕ ಇಲಾಖೆ ಇಂಥ ಸಂಕೇತಗಳ ಮೂಲಕ ಕರೆ ತಿರುಗಿಸುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ತಡೆಹಿಡಿಯಲು ಕಂಪನಿಗಳಿಗೆ ಆದೇಶಿಸಿತು. ಅಮೆರಿಕದಲ್ಲಿ ವಾಯ್ಸ್‌ಮೇಲ್ ಸರಿಪಡಿಸಲು ಕಲಿತ *#21# ಎಂಬ ಪರೀಕ್ಷೆ, ಇಲ್ಲಿನ ತಂದೆತಾಯಿಯರ ಫೋನು ಯಾರ ಪಾಲಾಗಿದೆಯೆಂದು ನೋಡಲಿಕ್ಕೂ ಒದಗಬಹುದು.

ಅಮೆರಿಕದ ನಂಬರಿನೊಡನೆ ಊರಿಗೆ ಬಂದವರ ತೊಂದರೆ ಬೇರೆ. ಬೆಂಗಳೂರಿನಲ್ಲಿ ರೋಮಿಂಗ್‌ನಲ್ಲಿರುವ ಫೋನಿಗೆ ಕರೆ ಬಂದಾಗ ಜಾಲ ಅದನ್ನು ಮೊದಲು ಭಾರತದವರೆಗೆ ತರುತ್ತದೆ; ಇಲ್ಲಿ ಎತ್ತದಿದ್ದರೆ ಅದೇ ಕರೆ ಅಮೆರಿಕದ ವಾಯ್ಸ್‌ಮೇಲ್‌ಗೆ ಮತ್ತೆ ಸಾಗರ ದಾಟಿ ಹೋಗುತ್ತದೆ. ಹೋಗಿ ಬರುವ ಈ ಎರಡೂ ಪ್ರಯಾಣಗಳನ್ನು ಅಂತಾರಾಷ್ಟ್ರೀಯ ಕರೆಗಳೆಂದು ಲೆಕ್ಕ ಹಿಡಿಯುವ ಕಂಪನಿಗಳಿದ್ದು, ಒಂದು ಮಾತನ್ನೂ ಆಡದವರಿಗೆ ಬಿಲ್ ಬರುವುದು ಹೀಗೆ. ಫೋನು ರೋಮಿಂಗ್ ಜಾಲಕ್ಕೆ ನೋಂದಾಯಿಸಿಕೊಳ್ಳದೇ ಇದ್ದರೆ ಕರೆ ಅಮೆರಿಕದಲ್ಲಿಯೇ ನೇರವಾಗಿ ಪೆಟ್ಟಿಗೆ ಸೇರುವುದರಿಂದ ಈ ಖರ್ಚಿಲ್ಲ. ಆದ್ದರಿಂದ ಎರಡು ಸಿಮ್ ಇರುವ ಫೋನಿನಲ್ಲಿ ಅಮೆರಿಕದ ಸಿಮ್‌ನ ರೋಮಿಂಗ್ ದರವನ್ನು ಹೊರಡುವ ಮುನ್ನವೇ ವಿಚಾರಿಸಿಕೊಂಡು, ಬೇಡವೆನಿಸಿದರೆ ಆ ಸಿಮ್ ಆಫ್ ಮಾಡುವುದು, ಇಲ್ಲವೇ ವೈ-ಫೈ ಕಾಲಿಂಗ್ ಆನ್ ಮಾಡಿಕೊಳ್ಳುವುದು ಸೂಕ್ತ. ವೈ-ಫೈ ಕಾಲಿಂಗ್‌ಗೆ ಅಲ್ಲಿನ ತುರ್ತುಸೇವೆಯಾದ 911ಕ್ಕಾಗಿ ವಿಳಾಸ ನೋಂದಾಯಿಸಬೇಕಾಗುವುದರಿಂದ ಅದನ್ನು ಅಲ್ಲಿದ್ದಾಗಲೇ ಮುಗಿಸಿರಬೇಕು. ಸಿಮ್ ಆಫ್ ಇಟ್ಟವರು ತಮ್ಮ ನಂಬರಿಗೆ ಬೇರೆ ಫೋನಿನಿಂದ ಕರೆ ಮಾಡಿ, ಸ್ವಾಗತದ ಮಾತು ಆರಂಭವಾದಾಗ ಕಂಪನಿಗೆ ತಕ್ಕಂತೆ ಸ್ಟಾರ್ ಅಥವಾ ಹ್ಯಾಷ್ ಒತ್ತಿ, ಪಿನ್ ಕೊಟ್ಟು ಸಂದೇಶಗಳನ್ನು ಕೇಳಬಹುದು; ಪಿನ್ ಮರೆತಿದ್ದರೆ ಅದಕ್ಕೂ ದಾರಿಯಿಲ್ಲ.

ನಿಯಮ, ಪೆಟ್ಟಿಗೆ, ಸುದ್ದಿ, ಸಂಪರ್ಕ ಎಲ್ಲವನ್ನೂ ನೋಡಿಯಾದ ಮೇಲೂ ಸರಿಹೋಗದಿದ್ದರೆ ದೋಷ ಸರ್ವರ್‌ನಲ್ಲಿನ ಪೆಟ್ಟಿಗೆಯದೇ ಆಗಿದ್ದು, ಕಸ್ಟಮರ್ ಕೇರ್‌ನವರಲ್ಲಿ ಅದನ್ನು ಅಳಿಸಿ ಹೊಸದಾಗಿ ರಚಿಸಿಕೊಡುವಂತೆ ಕೇಳಬೇಕಾಗುತ್ತದೆ. ವಾಯ್ಸ್‌ಮೇಲ್ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಹೇಳಿದರೆ ಅವರೂ ಫೋನನ್ನು ರೀಸ್ಟಾರ್ಟ್ ಮಾಡಲು ಹೇಳಿ ಅರ್ಧ ಗಂಟೆ ಕಳೆಯುತ್ತಾರೆ. ಮೂರು ಕರೆಗಳ ಪರೀಕ್ಷೆಯಲ್ಲಿ ಕಂಡದ್ದನ್ನೂ *#61# ತೋರಿಸಿದ ನಂಬರನ್ನೂ ಮುಂದಿಟ್ಟರೆ ಮಾತು ಬೇಗ ತಾಂತ್ರಿಕ ವಿಭಾಗಕ್ಕೆ ಹೋಗುತ್ತದೆ. ಪೆಟ್ಟಿಗೆಯನ್ನು ಹೊಸದಾಗಿ ರಚಿಸಿದಾಗ ಹಳೆಯ ಸಂದೇಶಗಳೂ ಸ್ವಾಗತದ ಮಾತೂ ಉಳಿಯುವುದಿಲ್ಲ. ಕಂಪನಿ ಬದಲಿಸಿದಾಗಲೂ ಹಳೆಯ ಪೆಟ್ಟಿಗೆ ಹೋದದ್ದೇ. ಇರಿಸಿಕೊಳ್ಳಬೇಕೆನ್ನುವ ಧ್ವನಿಗಳಿದ್ದರೆ ಆ ಕರೆಗೆ ಮುಂಚೆಯೇ, ಸಂದೇಶವನ್ನು ತೆರೆದು ಶೇರ್ ಗುರುತು ಒತ್ತಿ, ಧ್ವನಿಕಡತವಾಗಿ ಫೋನಿನಲ್ಲಿಯೋ ಇಮೇಲ್‌ನಲ್ಲಿಯೋ ಉಳಿಸಿಕೊಂಡಿರಬೇಕು.